ಎರಡು ಕಾಲೇಜಿನ ಮೇಡಂ

ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಊರಿನ ಇನ್ನೊಂದು ತುದಿಯ ಕಾಲೇಜು. ಎರಡು ಕಡೆಯೂ ಭೌತಶಾಸ್ತ್ರ, ಎರಡು ಕಡೆಯೂ ಅರೆಕಾಲಿಕ ಕೆಲಸ. ಮೇಡಂಗೆ ಕೂರಲು ತನ್ನದೆಂಬ ಒಂದು ಕುರ್ಚಿಯೂ ಇರಲಿಲ್ಲ. ಚೀಲವನ್ನು ಲ್ಯಾಬಿನ ಸಿಂಕಿನ ಪಕ್ಕ ಇಡುವಳು, ಊಟ ಬಸ್ಸಿನಲ್ಲೇ. ಮಕ್ಕಳು ಇಟ್ಟ ಹೆಸರು ಓಟದ ಮೇಡಂ. ಆದರೆ ಪಾಠಕ್ಕೆ ನಿಂತಳೆಂದರೆ ಗೋಡೆಗೂ ಅರ್ಥವಾಗಬೇಕು, ಹಾಗೆ ಹೇಳುವಳು.

ಬೆಳಗಿನ ಕಾಲೇಜಿನಲ್ಲಿ ದರ್ಜಿಯ ಮಗಳೊಬ್ಬಳಿದ್ದಳು. ಪಾಸಾದರೆ ಮುಂದಕ್ಕೆ ಓದು, ಇಲ್ಲದಿದ್ದರೆ ಅಂಗಡಿಯಲ್ಲಿ ಗುಂಡಿ ಹೊಲಿ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಪುಸ್ತಕ ಎಷ್ಟು ತಿರುವಿದರೂ ಅಷ್ಟೆ, ಮೇಡಂ ಬಾಯಿಂದ ಕೇಳಿದ್ದು ಮಾತ್ರ ಅವಳ ತಲೆಗೆ ಹತ್ತುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಮೇಡಂ ಕೇಳಿದಳು, "ಮಸೂರದ ಪಾಠ ಮುಗಿಸಿದ್ನಲ್ವೇನ್ರಪ್ಪಾ?"

"ಹೂಂ ಮೇಡಂ!" ಹಿಂದಿನ ಬೆಂಚುಗಳು ಒಟ್ಟಿಗೆ ಕೂಗಿದವು. ಒಂದು ಪಾಠ ಕಡಿಮೆಯಾದರೆ ಯಾರಿಗೆ ಬೇಡ?

ಆಕೆಗೂ ಮಾಡಿದ ನೆನಪಿತ್ತು. ಬೋರ್ಡಿನ ಮೇಲೆ ಬಿಡಿಸಿದ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು. ಆ ಬೋರ್ಡು ಮಧ್ಯಾಹ್ನದ ಕಾಲೇಜಿನದು.

ದರ್ಜಿಯ ಮಗಳು ಏಳಹೋದಳು. ಪಕ್ಕದವಳು ಜಡೆ ಹಿಡಿದು ಕೂರಿಸಿದಳು: "ಸುಮ್ನಿರೇ, ದೊಡ್ಡ ಪಂಡಿತೆ!" ಗಂಟೆ ಹೊಡೆದ ಮೇಲೆ ಹುಡುಗಿ ಮೆಟ್ಟಿಲವರೆಗೂ ಬೆನ್ನು ಹತ್ತಿದಳು.

"ಮೇಡಂ, ಆ ಮಸೂರದ್ದು..."

"ಬಸ್ ಹೋಗ್ಬಿಡುತ್ತೆ ಕಣಮ್ಮ, ಆಮೇಲೆ ಕೇಳು."

ಮರುದಿನದಿಂದ ಓದಿಕೊಳ್ಳಲು ರಜೆ. ರಜೆಯಲ್ಲಿ ಅರೆಕಾಲಿಕದವರಿಗೆ ಕಾಲೇಜಿನಲ್ಲಿ ಏನು ಕೆಲಸ? ಹುಡುಗಿ ಬಂದು ವಿಚಾರಿಸಿದರೆ ಗುಮಾಸ್ತ, "ಅವ್ರ ಮನೆ ಎಲ್ಲೋ, ಯಾರಿಗೆ ಗೊತ್ತು?" ಎಂದ.

ದೊಡ್ಡ ಪ್ರಶ್ನೆ ಅದೇ ಪಾಠದಿಂದ ಬಂತು. ಅರ್ಧ ತರಗತಿ ಡುಮ್ಕಿ ಹೊಡೆಯಿತು, ಅದರಲ್ಲಿ ಇವಳೂ ಒಬ್ಬಳು.

ಮಸೂರದ ಪಾಠ ಇಲ್ಲಿ ಮಾಡಿಯೇ ಇರಲಿಲ್ಲವೆಂದು ಮೇಡಂಗೆ ತಿಳಿದದ್ದು ಫಲಿತಾಂಶದ ದಿನವೇ. ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದಳು. "ತಪ್ಪು ನಂದು ಸಾರ್. ಮರುಪರೀಕ್ಷೆಗೆ ಬಿಟ್ಟಿ ಹೇಳ್ಕೊಡ್ತೀನಿ, ಒಂದು ಕೋಣೆ ಕೊಡಿ ಸಾಕು."

ಅವರು ಕತ್ತೆತ್ತಲಿಲ್ಲ. "ನಿಮ್ಮ ಜಾಗಕ್ಕೆ ಬೇರೆಯವರು ಬರ್ತಿದಾರಮ್ಮ. ಅವ್ರಿಗೆ ಮೂರು ಕಾಲೇಜಂತೆ, ಪಾಪ, ಹೇಗೋ ಬಿಡುವು ಮಾಡ್ಕೊಂಡು ಒಪ್ಪಿದಾರೆ."

ಮೇಡಂ ದರ್ಜಿಯ ಅಂಗಡಿ ಹುಡುಕಿಕೊಂಡು ಹೋದಳು. ಹುಡುಗಿ ಅಂಗಿಯೊಂದಕ್ಕೆ ಕಾಜಾ ಹಾಕುತ್ತಿದ್ದಳು.

"ಇಲ್ಲೇ ಕೂತು ಹೇಳ್ಕೊಡ್ತೀನಿ ಬಾಮ್ಮ."

"ಈಗ ಬಿಡುವಾಯ್ತಾ ಮೇಡಂ?"

ದರ್ಜಿ ಕತ್ತರಿ ಕೆಳಗಿಟ್ಟ. "ಸಾಕು ಬಿಡಿ ಅಮ್ಮಾ. ನಿಮ್ಮನ್ನ ನಂಬಿ ಮಗು ಕೆಟ್ಲು. ಗಿರಾಕಿ ಬರೋ ಹೊತ್ತು, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

ಹುಡುಗಿ ಹಲ್ಲಿನಿಂದ ನೂಲು ಕಡಿದು ಇನ್ನೊಂದು ಅಂಗಿ ಎತ್ತಿಕೊಂಡಳು.