ಮಧ್ಯಾಹ್ನದ ಕಳ್ಳಗಿವಿ

“ಪಾಪ, ಒಬ್ಬಾಕಿನೇ ಚೌಕಾಬಾರ ಆಡಾಕತ್ತಾಳ ನೋಡ. ಜೋಡಿ ಆಡೋರು ಯಾರೂ ಇಲ್ಲಂತ ಕಾಣತೈತಿ.”

ಆ ‘ಪಾಪ’ ನಾನೇ. ಎಪ್ಪತ್ತನಾಲ್ಕರ, ಕಾನ್ವೆಂಟ್‌ನಲ್ಲಿ ಓದಿದ, ಸರ್ಕಾರಿ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ತಳ್ಳಿ ರಿಟೈರ್ ಆದ ನಾನು. ಆಡುತ್ತಿದ್ದದ್ದು ಚೌಕಾಬಾರವಲ್ಲ, ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್. ಆದರೆ ದೂರದಿಂದ ನೋಡಿದವರಿಗೆ ಕಾಣುವುದು ಸಾಲು ಸಾಲು ಚೌಕದ ಮನೆಗಳು. ಒಬ್ಬ ಮುದುಕಿ ಆಕಾಶ ನೋಡಿ, ತುಟಿ ಅಲ್ಲಾಡಿಸಿ, ಒಂದು ಮನೆ ತುಂಬಿಸಿ, ಮತ್ತೆ ಆಕಾಶ ನೋಡಿದರೆ ಏನೆಂದುಕೊಳ್ಳಬೇಕು ಅವರು?

ಹಾಗೆ ಹೇಳಿದವಳು ಭೀಮವ್ವ. ಹೈದರಾಬಾದಿನ ಕೊಂಡಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಇನ್ನೊಂದು ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರಲು ಯಾದಗಿರಿ ಕಡೆಯಿಂದ ಬಂದವರು ಭೀಮವ್ವ ಮತ್ತು ಅವಳ ಗೆಳತಿ ಶರಣಮ್ಮ. ಮಧ್ಯಾಹ್ನ ಒಂದಕ್ಕೆ ನಮ್ಮ ಗೇಟಿನ ಹೊರಗಿನ ಬೇವಿನ ಮರದಡಿ ರೊಟ್ಟಿ ಗಂಟು ಬಿಚ್ಚುತ್ತಾರೆ. ಅದೇ ಹೊತ್ತಿಗೆ ನನ್ನ ಮಗಳಿಗೆ ಮನೆಯಲ್ಲೇ ಆಫೀಸ್ ಮೀಟಿಂಗ್. ನನ್ನ ಕೆಮ್ಮು ಕೂಡ ಅಲ್ಲಿ ಡಿಸ್ಟರ್ಬೆನ್ಸ್. ಹಾಗಾಗಿ ನಾನು ಪೇಪರ್ ಹಿಡಿದು ಮರದಡಿಯ ಕಲ್ಲು ಬೆಂಚಿಗೆ ಬರುತ್ತೇನೆ. ಅವರಿಗೂ ನನಗೂ ನಡುವೆ ನಾಲ್ಕೇ ಹೆಜ್ಜೆ.

ನನಗೆ ಕನ್ನಡ ಬರುವುದಿಲ್ಲ ಅಂತ ಅವರು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದರು. ವಾಚ್‌ಮನ್ ಒಡಿಶಾದವನು, ಅವನ ಜೊತೆ ನನ್ನದು ಹಿಂದಿ. ಫೋನಿನಲ್ಲಿ ಇಂಗ್ಲಿಷ್. ಕೈಯಲ್ಲಿ ಇಂಗ್ಲಿಷ್ ಪೇಪರ್. ತಪ್ಪು ಅವರದೇ?

ಹೈದರಾಬಾದಿನ ಕನ್ನಡದವರಾದ ನಾವೇ ವಿಚಿತ್ರ ಜನ. ಒಳಗೆ ಬರುವಾಗ ಚಪ್ಪಲಿ ಹೊರಗೆ ಬಿಡುತ್ತೇವೆ, ಹೊರಗೆ ಹೋಗುವಾಗ ಕನ್ನಡ ಒಳಗೆ ಬಿಡುತ್ತೇವೆ. ನನಗಂತೂ ಇದು ಕಾನ್ವೆಂಟಿನ ಟ್ರೈನಿಂಗ್. ಬಾಯಿಂದ ಕನ್ನಡ ಬಿದ್ದರೆ ಸಿಸ್ಟರ್ ವರಾಂಡಾದಲ್ಲಿ ನಿಲ್ಲಿಸುತ್ತಿದ್ದರು. (ಆ ವರಾಂಡಾದ ಒಂದೊಂದು ಕಲ್ಲೂ ನನಗೆ ಪರಿಚಯ.)

“ಎಕ್ಸ್‌ಕ್ಯೂಸ್ ಮಿ, ನನಗೂ ಕನ್ನಡ ಬರುತ್ತದೆ” ಅಂತ ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಏಕೆ ಗೊತ್ತೆ? ಯಾರಾದರೂ ನನ್ನ ಬಗ್ಗೆ ಇಷ್ಟು ಆಸಕ್ತಿಯಿಂದ ಮಾತಾಡಿ ಎಷ್ಟು ವರ್ಷವಾಗಿತ್ತು!

ಮನೆಯಲ್ಲಿ ನನಗೆ ಸಿಗುವುದು “ಅಮ್ಮಾ, ಆಮೇಲೆ” ಎಂಬ ಎರಡು ಪದ. ಇಲ್ಲಿ ದಿನಾ ಒಂದು ಬುಲೆಟಿನ್. ಹೆಡ್‌ಲೈನ್ ನಾನೇ.

“ಸೀರಿ ಮ್ಯಾಲ ಬೂಟ್ ಹಾಕ್ಯಾಳ. ಪೊಲೀಸ್ ಖಾತ್ಯಾಗ ಇದ್ದಳೇನ?”

ವಾಕಿಂಗ್ ಶೂಸ್ ಅವು, ಡಾಕ್ಟರ್ ಹೇಳಿದ್ದು. ಆದರೂ ಮರುದಿನ ಚಪ್ಪಲಿ ಮೆಟ್ಟಿ ಹೋದೆ.

“ಬೂಟ್ ಯಾರೋ ಕದ್ದಾರ ನೋಡ, ಪಾಪ.”

ಒಂದು ದಿನ ಶರಣಮ್ಮ ಕೇಳಿದಳು, “ಈಕಿ ಗಂಡ ಇಲ್ಲೇನ?” ಭೀಮವ್ವ ರೊಟ್ಟಿ ಮುರಿಯುತ್ತಾ ಹೇಳಿದಳು, “ಇದ್ದಿದ್ರ ಜೋಡಿ ಕುಂತ ಆಡತಿದ್ದಿಲ್ಲೇನ?”

ನನ್ನ ಪೆನ್ನು ನಿಂತುಬಿಟ್ಟಿತು. ನಮ್ಮ ಮನೆಯಲ್ಲಿ ಕ್ರಾಸ್‌ವರ್ಡ್ ಇಬ್ಬರದು. ಅಕ್ರಾಸ್ ನನ್ನದು, ಡೌನ್ ಅವರದು. ಐದು ವರ್ಷದಿಂದ ಎರಡೂ ನನ್ನದೇ. ಭೀಮವ್ವ ಆಟದ ಹೆಸರು ತಪ್ಪು ಹೇಳಿದ್ದಳು ಅಷ್ಟೆ. ಉಳಿದದ್ದೆಲ್ಲ ಸರಿ.

ಇರಲಿ. ವಿಷಯಕ್ಕೆ ಬರುತ್ತೇನೆ.

ಮೊನ್ನೆ ಮಂಗಳವಾರ ಶರಣಮ್ಮ ಬಂದಾಗ ಎಡಗಣ್ಣು ಕೆಂಪಗೆ, ನೀರು ಸುರಿಯುತ್ತಿತ್ತು. ಸಿಮೆಂಟ್ ಧೂಳು. ಭೀಮವ್ವ ತನ್ನ ಎಲೆ-ಅಡಿಕೆ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದಳು.

“ತಲಿ ಮ್ಯಾಲ ಮಾಡ. ಎರಡ ಹನಿ ಬಿಡತೀನಿ.”

“ಯಾತರದ್ದ ಅದು?”

“ನನ್ನ ಗಂಡನ ಕಿವಿ ಸೋರತಿತ್ತಲ್ಲ, ಆವಾಗ ಕೊಟ್ಟಿದ್ರು. ಎರಡ ದಿನದಾಗ ಬಂದ್ ಆತು.”

“ಕಿವೀದು ಕಣ್ಣಿಗೆ ಹ್ಯಾಂಗ ನಡೀತೈತಿ, ಭೀಮಿ?”

“ಸೋರೂದು ಬಂದ್ ಆಗಬೇಕಿಲ್ಲೋ? ಕಿವಿ ಸೋರಿದ್ರೇನು, ಕಣ್ಣ ಸೋರಿದ್ರೇನು! ಸುಮ್ಕ ಕಣ್ಣ ತಗಿ.”

ಲಾಜಿಕ್ ಎಷ್ಟು ಗಟ್ಟಿಯಾಗಿತ್ತೆಂದರೆ ಒಂದು ಕ್ಷಣ ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ಶರಣಮ್ಮ ಮುಖ ಮೇಲೆತ್ತಿದಳು. ಬಾಟಲಿ ತಲೆಕೆಳಗಾಯಿತು.

ಹಿಂದಿಯಲ್ಲಿ “ರುಕೋ” ಎಂದಿದ್ದರೆ ಸಾಕಿತ್ತು. ಅವಳ ಕಣ್ಣೂ ಉಳಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಆದರೆ ಗಾಬರಿಯಲ್ಲಿ ಬಾಯಿ ನನ್ನನ್ನು ಕೇಳುತ್ತದೆಯೇ?

“ಏ ಹುಚ್ಚಿ! ಹಾಕಬ್ಯಾಡ! ಕಣ್ಣ ಹೋಗತೈತಿ!”

ಥೇಟ್ ನಮ್ಮಜ್ಜಿಯ ದನಿ. ಇಷ್ಟು ವರ್ಷದ ಇಂಗ್ಲಿಷ್ ಎಲ್ಲಿ ಹೋಯಿತೋ!

ಬಾಟಲಿ ಕೈಜಾರಿ ಮಣ್ಣಿಗೆ ಬಿತ್ತು. ಭೀಮವ್ವ ನನ್ನ ಕಡೆ ತಿರುಗಿದಳು. ಮೂರು ವಾರದ ಮಾತನ್ನೆಲ್ಲ ಅವಳು ಒಂದೊಂದಾಗಿ ರಿವೈಂಡ್ ಮಾಡುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

“ಅಮ್ಮಾರ... ನಿಮಗ ಕನ್ನಡ ಬರತೈತ್ರಿ?”

“ಬರತೈತಿ.”

“ಯಾವಾಗಿಂದ್ರಿ?”

“ಹುಟ್ಟಿದಾಗಿಂದ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. “ಬೂಟಿಂದೂ ಕೇಳಿಸ್ಕೊಂಡ್ರೇನ್ರಿ?”

“ಬೂಟಿಂದೂ.”

ಒಂದೇ ಕಣ್ಣು ಬಿಟ್ಟಿದ್ದ ಶರಣಮ್ಮ ಬಿದ್ದು ಬಿದ್ದು ನಕ್ಕಳು. “ಅದಕ್ಕ ಮರುದಿನಾ ಚಪ್ಪಲಿ ಹಾಕ್ಕೊಂಡ ಬಂದ್ರ ನೋಡ, ಭೀಮಿ!”

ಮೊದಲು ನೀರಿನಲ್ಲಿ ಕಣ್ಣು ತೊಳೆಸಿದೆ. ಆಮೇಲೆ ಅವಳನ್ನು ಎಳೆದುಕೊಂಡು ಗಲ್ಲಿ ತುದಿಯ ಸರ್ಕಾರಿ ದವಾಖಾನೆಗೆ ಹೋದೆ. ಅಲ್ಲಿನ ನರ್ಸ್ ತೆಲುಗಿನಲ್ಲಿ ನನ್ನನ್ನೇ ಕೇಳಿದಳು, ಈಕೆ ನಿಮಗೇನಾಗಬೇಕು ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ ನಡುವೆ ಬಂದಳು. “ನಾನು ನಿಮಗ ಏನಾಗಬೇಕಂತ ಕೇಳಾಕತ್ತಾಳ್ರಿ, ಅಮ್ಮಾರ.”

ಟ್ರಾನ್ಸ್‌ಲೇಷನ್! ನನಗೆ! ಹುಟ್ಟಿದ್ದೇ ಈ ಊರಲ್ಲಿ, ಬುದ್ಧಿ ಬಂದಾಗಿನಿಂದ ತರಕಾರಿ ಕೊಂಡದ್ದೆಲ್ಲ ತೆಲುಗಿನಲ್ಲೇ. ಹೇಳಬೇಕಿತ್ತು. “ಹೌದಾ?” ಎಂದು ಕಣ್ಣರಳಿಸಿದೆ. (ಕಾನ್ವೆಂಟಿನ ಸಿಸ್ಟರ್, ಕ್ಷಮಿಸಿ.) “ನಮ್ಮ ಕಡಿಯವಳು ಅಂತ ಹೇಳವ್ವ.”

ಅವಳು ನರ್ಸ್‌ಗೆ ತೆಲುಗಿನಲ್ಲಿ ಹೇಳಿದ್ದು ಬೇರೆ. ‘ಏನೂ ಆಗಬೇಕಿಲ್ಲ. ದಿನಾ ನಮ್ಮ ಮಾತು ಕೇಳಿಕೊಂಡು ಕೂತಿರುತ್ತಾಳೆ, ಪಾಪ.’ ಹೇಳಿ ನನ್ನನ್ನು ನೋಡಿ ಚೆಂದಗೆ ನಕ್ಕಳು. ಏನೂ ತಿಳಿಯದವಳ ಹಾಗೆ ನಾನೂ ನಕ್ಕೆ.

ಡಾಕ್ಟರ್ ಕಣ್ಣಿನದೇ ಡ್ರಾಪ್ಸ್ ಕೊಟ್ಟರು. ಕಣ್ಣಿಗೆ ಏನೂ ಆಗಿರಲಿಲ್ಲ.

ಆಗಿದ್ದು ನನಗೆ.

ಇನ್ನು ಮೇಲೆ ಮಾತಿಗೆ ಜೊತೆ ಸಿಕ್ಕಿತು ಎಂದು ಬುಧವಾರ ಹತ್ತು ನಿಮಿಷ ಮುಂಚೆಯೇ ಹೋಗಿ ಕೂತೆ. ಇಬ್ಬರೂ ಬಂದರು. ಸೆರಗು ಸರಿಮಾಡಿಕೊಂಡರು. “ಆರಾಮ ಅದೀರ್ರಿ, ಅಮ್ಮಾರ? ಊಟ ಆತ್ರಿ?” “ಆತವ್ವ.” ಅಷ್ಟೆ. ಮುಂದೆ ರೊಟ್ಟಿ ಅಗಿಯುವ ಸದ್ದು ಬಿಟ್ಟರೆ ಏನಿಲ್ಲ. ನನ್ನ ಸೀರೆಯ ಬಗ್ಗೆ ಇಲ್ಲ, ನನ್ನ ಕೂದಲಿನ ಬಗ್ಗೆ ಇಲ್ಲ. ಗುರುವಾರವೂ ಅದೇ. ಭೀಮವ್ವ ಎದ್ದು ಬಂದು ಎರಡೂ ಕೈಯಲ್ಲಿ ಹಿಡಿದು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕೊಟ್ಟಳು. ಹಿಂಡಿ ಫಸ್ಟ್ ಕ್ಲಾಸ್ ಆಗಿತ್ತು. ಆದರೆ ನನಗೆ ಬೇಕಿದ್ದದ್ದು ಹಿಂಡಿಯೇ?

ರೆಸ್ಪೆಕ್ಟ್‌ನಷ್ಟು ಬೋರಿಂಗ್ ವಸ್ತು ಇನ್ನೊಂದಿಲ್ಲ. ವಯಸ್ಸಾದವರಿಗೆ ಜನ ಅದನ್ನು ಧಾರಾಳವಾಗಿ ಕೊಡುತ್ತಾರೆ. ಕುರ್ಚಿ ಕೊಡುತ್ತಾರೆ, ದಾರಿ ಬಿಡುತ್ತಾರೆ, ನಾವು ಕೂತೊಡನೆ ಮಾತು ನಿಲ್ಲಿಸುತ್ತಾರೆ. ನಮ್ಮ ಎದುರಿಗೆ ಆಡದೆ ಉಳಿಸಿಕೊಂಡ ಮಾತೇ ಅಲ್ಲವೇ ಅವರ ನಿಜವಾದ ಮಾತು? ಅದರಲ್ಲಿ ನಾವು ಇನ್ನೂ ಜೀವಂತ ಇರುತ್ತೇವೆ. ಮೂರು ವಾರ ನಾನು ಇದ್ದೆ.

ಶುಕ್ರವಾರ ಹೋಗುವುದೇ ಬೇಡ ಅನ್ನಿಸಿತು. ಆದರೂ ಹೋದೆ. ಕ್ರಾಸ್‌ವರ್ಡ್‌ನ ಒಂದು ಮನೆಯನ್ನೂ ತುಂಬಿಸದೆ ಕೂತಿದ್ದೆ. ಭೀಮವ್ವ ಓರೆಗಣ್ಣಲ್ಲಿ ನನ್ನನ್ನು ನೋಡಿದಳು. ತುತ್ತು ನುಂಗಿದಳು. ತಡೆಯಲಾರದೆ ಶರಣಮ್ಮನ ಕಡೆ ಬಾಗಿ, ಅಚ್ಚ ತೆಲುಗಿನಲ್ಲಿ ಹೇಳಿದಳು:

“ಮುಸಲಮ್ಮ ಎಂದುಕೋ ಮೂತಿ ಮುಡುಚುಕುಂದಿ.”

ಮುದುಕಿ ಯಾಕೋ ಮೂತಿ ಊದಿಸಿದ್ದಾಳೆ, ಅಂತ!

ನಗು ಕಾಣದ ಹಾಗೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಶರಣಮ್ಮ ಅದಕ್ಕೆ ತೆಲುಗಿನಲ್ಲೇ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನನ್ನ ಮಗಳ ಬಗ್ಗೆ. ನೂರಕ್ಕೆ ನೂರು ಸರಿಯಾಗಿತ್ತು.

ಭೀಮವ್ವ ಈ ಅಂಕಣ ಓದುವವಳಲ್ಲ. ಓದುವ ನೀವು, ಕೊಂಡಾಪುರದ ಕಡೆ ಬಂದರೆ, ಅವಳಿಗೆ ಹೇಳುವುದಿಲ್ಲ ತಾನೇ?