ಉಪಗ್ರಹಕ್ಕೆ ಅಡ್ಡ ಬಂದ ಸುಬ್ಬಣ್ಣನವರ ದನ

ಗೆಳೆಯರೇ, ಹಸಿರು ಹೆಚ್ಚಿದ್ದಲ್ಲಿ ಮರಗಳ ಜಾತಿಯೂ ಹೆಚ್ಚು ಎನ್ನುತ್ತದೆ ಉಪಗ್ರಹ ಚಿತ್ರ ನೋಡಿ ನಾನು ಹಾಕಿದ ಲೆಕ್ಕ. ಅದು ನಿಜವೇ ಎಂದು ನೋಡಲು ಇವತ್ತು ಕಿಗ್ಗದ ಕಾಡಿಗೆ ಹೋಗಿದ್ದೆ. ದಾರಿ ತೋರಿಸಿದವರು ಅಲ್ಲಿಯ ಕೃಷಿಕ ಸುಬ್ಬಣ್ಣ.

ಚಿತ್ರದಲ್ಲಿ ಎಲ್ಲಕ್ಕಿಂತ ಹಸಿರಾಗಿದ್ದ ಜಾಗಕ್ಕೆ ರಕ್ತ ಹೀರುವ ಇಂಬಳಗಳಿಂದ ಕಚ್ಚಿಸಿಕೊಂಡು ಹತ್ತಿದೆವು. ಅದು ಅಕೇಶಿಯಾ ನೆಡುತೋಪು. ಎಣಿಸಿದೆ. ಒಂದೇ ಜಾತಿ.

ಆಮೇಲೆ ಚಿತ್ರದಲ್ಲಿ ಬೋಳಾಗಿ ಕಂಡ ಜಾಗಕ್ಕೆ ಬಂದೆವು. ಅದು ಸುಬ್ಬಣ್ಣನವರದೇ ಸೊಪ್ಪಿನ ಬೆಟ್ಟ, ಅಂದರೆ ತೋಟದ ಬಳಕೆಗೆಂದು ಬಿಟ್ಟ ಕಾಡು. ನಂದಿ, ಮತ್ತಿ, ಹೊನ್ನೆ, ನೇರಳೆ ಎಂದು ಅವರು ಹೆಸರು ಹೇಳುತ್ತಲೇ ಹೋದರು. ನನ್ನ ಫಾರಂ ತುಂಬಿ, ಅದರ ಹಿಂಬದಿಯೂ ತುಂಬಿತು.

“ಇಷ್ಟೆಲ್ಲ ಇದ್ದೂ ಚಿತ್ರದಲ್ಲಿ ಯಾಕೆ ಬೋಳು?” ಎಂದೆ.

ಚಿತ್ರದ ತಾರೀಖು ಕೇಳಿ ಸುಬ್ಬಣ್ಣ ಮುಖ ಸಣ್ಣದು ಮಾಡಿಕೊಂಡರು. “ಮಳೆ ಬಿಡ್ತು ಅಂತ ಅದೇ ವಾರ ಕೊಟ್ಟಿಗೆಲಿ ದನದ ಕಾಲಡಿಗೆ ಹಾಸಕ್ಕೆ ಈ ಮರದ ಸೊಪ್ಪೆಲ್ಲ ಕಡ್ದಿದ್ದೆ ಮಾರಾಯ್ರೆ. ಫೋಟೋ ತೆಗೀತಾರೆ ಅಂತ ಒಂದು ಮಾತು ಹೇಳಿದ್ರೆ ನಾಲ್ಕು ದಿನ ತಡೀತಿದ್ದೆ!”

ಲೆಕ್ಕ ತಪ್ಪಿದ್ದಕ್ಕೆ ವರದಿಯಲ್ಲಿ ಕಾರಣ ಕೊಡಬೇಕು. ಎಲ್ಲರೂ ‘ಮೋಡ ಅಡ್ಡ ಬಂತು’ ಎಂದು ಬರೆಯುತ್ತಾರೆ. ನಾನು ‘ಸುಬ್ಬಣ್ಣನವರ ದನ ಅಡ್ಡ ಬಂತು’ ಎಂದು ಬರೆದಿದ್ದೇನೆ.