ಜವರಣ್ಣನ ಹೆಬ್ಬೆರಳು

ನನ್ನ ಫೋನಿನಲ್ಲಿ ಜವರಣ್ಣನ ಮುಖದ ಫೋಟೋ ಒಂದೂ ಇಲ್ಲ. ಹೆಬ್ಬೆರಳಿನ ಫೋಟೋಗಳು ಮಾತ್ರ ಎಪ್ಪತ್ತರ ಮೇಲಿವೆ. ಎಡಗೈ ಹೆಬ್ಬೆರಳು. ಉಗುರು ಕಪ್ಪಗೆ, ನಡುವೆ ಸೀಳು ಬಿಟ್ಟು, ಹುರಿದ ಹುಣಿಸೆಬೀಜದ ಹಾಗಿದೆ. ಪ್ರತಿ ಫೋಟೋದಲ್ಲೂ ಅದು ಒಂದೊಂದು ಲಾಟರಿ ಟಿಕೆಟ್ಟಿನ ಎಡಮೂಲೆಯನ್ನು ಒತ್ತಿ ಹಿಡಿದಿದೆ. ಟಿಕೆಟ್ಟಿನ ನಂಬರಿಗಿಂತ ಮೊದಲು ನಾನು ನೋಡುತ್ತಿದ್ದದ್ದು ಆ ಉಗುರನ್ನೇ. ಅದು ಕಂಡರೆ ಸಾಕು, ನನ್ನ ಮಟ್ಟಿಗೆ ಮೊಹರು ಬಿದ್ದ ಹಾಗೆ.

ಉಗುರು ಕಪ್ಪಾದದ್ದು ನನ್ನಿಂದ. ನಾನು ಹೊಳೆನರಸೀಪುರದಲ್ಲಿ ಸಿಹಿಗುಂಬಳ, ಬೂದುಗುಂಬಳ, ಶುಂಠಿ ಕೊಂಡು ಕೇರಳಕ್ಕೆ ಲೋಡು ಕಳಿಸುವವನು. ಸೈಕಲ್ಲಿಗೆ ಎರಡು ಮೂಟೆ ಕಟ್ಟಿಕೊಂಡು ಶುರು ಮಾಡಿದವನು, ಯಾರೂ ಹೇಳಿಕೊಟ್ಟಿದ್ದಲ್ಲ. ಕಾಯಿಯನ್ನು ಗೆಣ್ಣಿನಿಂದ ತಟ್ಟಿ ಒಳಗೆ ಹೇಗಿದೆ ಎಂದು ಹೇಳಬಲ್ಲೆ. ಬೆಲೆ ಹೇಳುವವನ ಕಣ್ಣು ನೋಡಿ ಅವನು ಎಲ್ಲಿಗೆ ಇಳಿಯುತ್ತಾನೆ ಎಂದೂ ಹೇಳಬಲ್ಲೆ. ನನ್ನ ಮೊದಲ ಕ್ಯಾಂಟರ್ ಲೋಡಿಗೆ ಬಂದ ಡ್ರೈವರು ದಂಡಿಗನಹಳ್ಳಿ ಕಡೆಯ ಈ ಜವರಣ್ಣ. ಅವತ್ತು ತುಂಬಿದ ಗಾಡಿಯ ಹಿಂಬಾಗಿಲಿನ ಸರಪಳಿ ಕಳಚಿಕೊಂಡಿತು. ಬಾಗಿಲು ಬಿದ್ದಿದ್ದರೆ ಕಾಯಿಗಳೆಲ್ಲ ರಸ್ತೆಗೆ ಉರುಳಿ, ನನ್ನ ವ್ಯಾಪಾರ ಅವತ್ತೇ ಮುಗಿಯುತ್ತಿತ್ತು. ಜವರಣ್ಣ ಕೈ ಕೊಟ್ಟು ತಡೆದ. ನಾವು ಬಂದು ಹಿಡಿಯುವವರೆಗೂ ಬಿಡಲಿಲ್ಲ. ಆಸ್ಪತ್ರೆಗೆ ನಡಿ ಅಂದರೆ ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು, "ಕಾಯಿ ಒಂದೂ ಒಡೀನಿಲ್ವಲ್ಲ ಸಾ, ಬುಡಿ. ಉಗ್ರು ಮತ್ತೆ ಬತ್ತದೆ" ಅಂದ. ಬಂತು, ಕಪ್ಪಗೆ.

ಆಮೇಲಿನ ಹದಿನೈದು ವರ್ಷ ನನ್ನ ಲೋಡೆಲ್ಲ ಅವನದೇ. ಕ್ಯಾಂಟರ್ ಹತ್ತುವ ಮುಂಚೆ ಚಪ್ಪಲಿ ಕಳಚಿ ಸೀಟಿನ ಕೆಳಗೆ ಇಡುತ್ತಿದ್ದ, ಬರಿಗಾಲಲ್ಲೇ ಓಡಿಸುತ್ತಿದ್ದ. ಹಾಡು ಹಾಕುತ್ತಿರಲಿಲ್ಲ. "ಲೋಡ್ ಮಾತಾಡ್ತದೆ ಸಾ, ಕೇಳುಸ್ಕಬೇಕು" ಅನ್ನುತ್ತಿದ್ದ. ಕಾಯಿ ಜರುಗಿದ ಸದ್ದು ಬಂದರೆ ನಡುದಾರಿಯಲ್ಲಿ ನಿಲ್ಲಿಸಿ ಹುಲ್ಲು ಸೇರಿಸಿ ಮತ್ತೆ ಹೊರಡುವನು. ಒಂದು ಕಾಯಿ ಕಡಿಮೆ ತಲುಪಿದ್ದಿಲ್ಲ, ಒಂದು ಮೂಟೆಗೆ ಸುಳ್ಳು ಹೇಳಿದ್ದಿಲ್ಲ. ನನ್ನ ಚೌಕಾಸಿಯನ್ನು ಎದುರಿಗೇ ಆಡಿಕೊಳ್ಳುತ್ತಿದ್ದ: "ನಮ್ ಸಾವ್ಕಾರ್ರು ಯಮ ಬಂದ್ರೂ ಬುಡಾಕಿಲ್ಲ, ಎಲ್ಡ್ ವರ್ಸ ಜಾಸ್ತಿ ಕೇಳ್ಕಂಡೇ ಕಳ್ಸದು." ನನ್ನ ಮಂಡಿಯಲ್ಲಿ ಕೆಲಸ ಮಾಡುವ ಹೆಂಗಸರು ನಗುವರು, ನಾನೂ ನಗುತ್ತಿದ್ದೆ. ಹಾಗೆ ಆಡಿಕೊಳ್ಳುವ ಸಲಿಗೆ ಇನ್ನೊಬ್ಬರಿಗೆ ನಾನು ಕೊಟ್ಟಿಲ್ಲ.

ಲಾಟರಿ ಹಚ್ಚಿದವನು ಅವನೇ. ನಮ್ಮ ರಾಜ್ಯದಲ್ಲಿ ಅದು ನಿಂತು ಬಹಳ ವರ್ಷವಾಯಿತು. ಕೇರಳದಲ್ಲಿ ಸರ್ಕಾರವೇ ನಡೆಸುತ್ತದೆ. ದಿನಕ್ಕೊಂದು ಡ್ರಾ, ಹಬ್ಬಹುಣ್ಣಿಮೆಗೆ ದೊಡ್ಡ ಬಂಪರ್. ಲೋಡು ತುಂಬುವ ಹೊತ್ತಿನಲ್ಲಿ ಟಾರ್ಪಾಲಿನ ಮೇಲೆ ಕೂತು ಅವನು ನಮಗೆಲ್ಲ ಪಾಠ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ನಂಬರ್ ಆರು ಸಾ. ಅದ್ರ ಮುಂದೆ ಎಲ್ಡ್ ಇಂಗ್ಲೀಸ್ ಅಕ್ಸರ ಇರ್ತವೆ. ಅದು ಮನೆತನ ಇದ್ದಂಗೆ. ಒಂದೇ ನಂಬರು ಬ್ಯಾರೆ ಬ್ಯಾರೆ ಮನೆತನದಲ್ಲಿ ಇರ್ತದೆ. ಆದ್ರೆ ಮನೆತನಾನೂ ನಂಬ್ರೂ ಎಲ್ಡೂ ಒಂದೇ ಆಗಿರೋ ಟಿಕೆಟ್ಟು ಪರ್ಪಂಚದಲ್ಲಿ ಒಂದೇ ಒಂದು."

ಮೊದಲ ಬಹುಮಾನಕ್ಕೆ ಅಕ್ಷರ, ನಂಬರು ಎರಡೂ ಕೂಡಬೇಕು. ನಂಬರು ಕೂಡಿ ಅಕ್ಷರ ತಪ್ಪಿದರೆ ಸಮಾಧಾನಕ್ಕೆ ಅಂತ ಒಂದಿಷ್ಟು ಕೊಡುತ್ತಾರೆ. ಸಣ್ಣ ಬಹುಮಾನಗಳಿಗೆ ಕೊನೆಯ ನಾಲ್ಕು ಅಂಕಿ ಕೂಡಿದರೆ ಸಾಕು, ಅಕ್ಷರ ಯಾವುದಾದರೂ ಸರಿ. ಅದಕ್ಕೇ ತಿಳಿದವರು ಕೊನೆಯ ನಾಲ್ಕು ಅಂಕಿ ಒಂದೇ ಇರುವ, ಅಕ್ಷರ ಬೇರೆ ಬೇರೆಯಾದ ಟಿಕೆಟ್ಟುಗಳನ್ನು ಸೆಟ್ಟಾಗಿ ಕೊಳ್ಳುತ್ತಾರೆ; ಬಿದ್ದರೆ ಅಷ್ಟಕ್ಕೂ ಬೀಳಲಿ ಅಂತ. "ಅದೃಷ್ಟ ತಲೆ ಕಡೆಯಿಂದ ಬರಾಕಿಲ್ಲ ಸಾ, ಬಾಲದ ಕಡೆಯಿಂದ ಬತ್ತದೆ" ಅನ್ನುವುದು ಜವರಣ್ಣನ ಮಾತು. ಮಂಡಿಯಲ್ಲಿ ಕಾಯಿ ಆರಿಸುವ ಲಕ್ಕಮ್ಮ ಅದನ್ನು ಹಿಡಿದುಕೊಂಡು, ತನ್ನ ಹಸುವಿನ ಕಿವಿಗೆ ಹೊಡೆದಿರುವ ಹಳದಿ ಬಿಲ್ಲೆಯ ಕೊನೆ ನಾಲ್ಕು ಅಂಕಿಯ ಟಿಕೆಟ್ಟೇ ಬೇಕೆಂದು ಹಟ ಹಿಡಿದಿದ್ದಳು. ಹುಡುಕ್ತಾ ಇವ್ನಿ ಕಣಕ್ಕ ಅಂತ ಅವನು ಗಂಭೀರವಾಗಿ ಹೇಳುತ್ತಿದ್ದ.

ಟಿಕೆಟ್ಟನ್ನು ಈ ಕಡೆ ತರುತ್ತಿರಲಿಲ್ಲ. ಬೇರೆ ರಾಜ್ಯದ ಟಿಕೆಟ್ಟು ತಂದು ಇಲ್ಲಿ ಮಾರುವುದು ಕಾನೂನಿಗೆ ವಿರುದ್ಧ, ಅದು ನಿಜವೂ ಹೌದು. "ಚೆಕ್‌ಪೋಸ್ಟ್ ಗೇಟಲ್ಲಿ ಇಡೀತಾರೆ ಸಾ. ಕೇರಳದ ಬತ್ತೇರಿ ಅಂಗಡೀಲೇ ಬುಟ್ಟಿರ್ತೀನಿ, ಫೋಟೋ ಬತ್ತದಲ್ಲ" ಅಂದ. ನನಗೆ ಆ ಎಚ್ಚರಿಕೆ ಮೆಚ್ಚುಗೆಯಾಯಿತು. ಟಿಕೆಟ್ಟಿನ ಬೆಲೆಯ ಮೇಲೆ ಅವನು ಕೇಳಿದ ಟೀ ಕಾಸನ್ನು ಮಾತ್ರ ಅರ್ಧಕ್ಕೆ ಇಳಿಸಿದೆ. ಸಣ್ಣ ಬಹುಮಾನ ಬಿದ್ದಾಗೆಲ್ಲ ಮುಂದಿನ ಲೋಡಿಗೆ ಬಂದವನು ಕೈಗೆ ತಂದು ಕೊಡುತ್ತಿದ್ದ, ಕೇಳಬೇಕಾಗಿರಲಿಲ್ಲ. ಹಾಗೆ ಎಂಟು ವರ್ಷ ನಡೆಯಿತು.

ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ನನಗೆ. ಎರಡು ವರ್ಷ ಇದನ್ನೆಲ್ಲ ನೋಡಿದ ಮೇಲೆ ಅರಕಲಗೂಡಿನ ನನ್ನ ಅಕ್ಕನಿಗೂ ಹೇಳಿದೆ: ಬಂಪರಿಗೊಂದು ಟಿಕೆಟ್ ಹಾಕು, ಜವರಣ್ಣ ಇದ್ದಾನೆ, ನನ್ನ ಮಾತು. ಅಕ್ಕನದು ಹೊಲಿಗೆ ಅಂಗಡಿ. ನನ್ನ ಮೊದಲ ಸೈಕಲ್ಲು ಅವಳು ರವಿಕೆ ಹೊಲಿದ ದುಡ್ಡಿನದು. ಭಾವ ಹೋದ ಮೇಲೆ ಒಬ್ಬಳೇ. ಬಾಡಿಗೆ ಮಳಿಗೆಯವರು ಬಿಡಿ ಅಂದಾಗೆಲ್ಲ ಯಂತ್ರ ಹೊರಿಸಿಕೊಂಡು ಇನ್ನೊಂದು ಬೀದಿಗೆ ಹೋಗುವಳು. ಮೂರು ಸಲ ಹಾಗೆ ಆಗಿತ್ತು. ಯಾರೂ ಎಬ್ಬಿಸಲಾಗದ, ತನ್ನದೇ ಒಂದು ಮಳಿಗೆ ಬೇಕು ಅನ್ನುವುದು ಅವಳ ಒಂದೇ ಆಸೆ. ನಾನು ಕಟ್ಟಿಸಿಕೊಡುತ್ತೇನೆ ಅಂದರೆ ಬೇಡ ಅನ್ನುವಳು. ತಮ್ಮನಿಂದ ಪಡೆದದ್ದು ಅನ್ನುವುದು ಬೇಡ, ಅದೃಷ್ಟದಿಂದ ಬಂದರೆ ಯಾರ ಹಂಗೂ ಇಲ್ಲ ಅನ್ನುವುದು ಅವಳ ಲೆಕ್ಕ. ಜವರಣ್ಣನ ಫೋಟೋ ಬಂದ ಕೂಡಲೇ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಬಣ್ಣದ ಜೆರಾಕ್ಸ್ ತೆಗೆಸಿ ದೇವರ ಮುಂದೆ ಇಡುವಳು. ಡ್ರಾ ದಿನದವರೆಗೂ ಎರಡು ಹೊತ್ತು ದೀಪ.

ಹೋದ ಬಂಪರಿನ ದಿನ ಅಕ್ಕ ಹೊಳೆನರಸೀಪುರಕ್ಕೆ ಬಂದಿದ್ದಳು. ಮಧ್ಯಾಹ್ನ ಮಂಡಿಯಲ್ಲಿ ನನ್ನ ಫೋನಿನಲ್ಲೇ ಡ್ರಾ ನೋಡಿದೆವು. ವೇದಿಕೆಯ ಮೇಲೆ ಯಂತ್ರ, ಗುಂಡಿ ಒತ್ತಿದರೆ ಅಂಕಿಯ ಚಕ್ರಗಳು ಗರಗರ ತಿರುಗಿ ಒಂದೊಂದೇ ನಿಲ್ಲುತ್ತವೆ. ದೊಡ್ಡದು ಯಾವುದೂ ನಮ್ಮದಲ್ಲ. ಆಮೇಲೆ ಸಣ್ಣ ಬಹುಮಾನದ ಉದ್ದ ಪಟ್ಟಿ ಬಂತು. ಲಕ್ಕಮ್ಮ ಅದರಲ್ಲಿ ಬೆರಳಾಡಿಸುತ್ತಾ ಇದ್ದವಳು, ಜವರಣ್ಣ ಕಳಿಸಿದ್ದ ತನ್ನ ಟಿಕೆಟ್ಟಿನ ಫೋಟೋ ತೆರೆದು ತನ್ನ ಫೋನನ್ನು ನನ್ನ ಮುಂದೆ ಚಾಚಿದಳು. ಕೊನೆಯ ನಾಲ್ಕು ಅಂಕಿ ಕೂಡಿತ್ತು, ಐದು ಸಾವಿರ. ಅಕ್ಕ ಬಗ್ಗಿ ನೋಡಿ, "ಅಯ್ಯೋ, ನಂದೂ ಅದೇ ಅಲ್ವೇನೋ" ಅಂದು ಚೀಲದಿಂದ ಜೆರಾಕ್ಸ್ ತೆಗೆದಳು.

ನನಗೆ ಉತ್ಸಾಹ ಬಂತು. ಇದಕ್ಕೇ ಸೆಟ್ ಅನ್ನುವುದು, ನಂಬರು ಒಂದೇ, ಅಕ್ಷರ ಬೇರೆ, ಜವರಣ್ಣ ನಿಮ್ಮಿಬ್ಬರಿಗೂ ಸೆಟ್ ಹಿಡಿದಿದ್ದಾನೆ ಎಂದು ವಿವರಿಸುತ್ತಾ ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ತೋರಿಸಲು ಹೋದೆ. ಅಕ್ಷರವೂ ಒಂದೇ. ಆರಕ್ಕೆ ಆರು ಅಂಕಿಯೂ ಒಂದೇ. ಹೆಬ್ಬೆರಳೂ ಅದೇ, ಅದೇ ಕೋನದಲ್ಲಿ, ಉಗುರಿನ ಸೀಳಿನ ಮೇಲೆ ಅದೇ ಬಿಸಿಲಿನ ಗೆರೆ.

ಪ್ರಪಂಚದಲ್ಲಿ ಒಂದೇ ಒಂದು ಎಂದು ಹೇಳಿಕೊಟ್ಟವನು ಅವನೇ.

"ಯಾರ್ದು ಅಣ್ಣೋ ನಿಜವಾದ್ದು?" ಎಂದಳು ಲಕ್ಕಮ್ಮ.

ಜವರಣ್ಣ ಅವತ್ತು ಹಾಸನದಲ್ಲಿದ್ದ. ಫೋನು ಮಾಡಿ, ಇಬ್ಬರಿಗೂ ಬಿದ್ದಿದೆ ಬಾ ಅಂದೆ, ಅಷ್ಟೇ. ಐದು ಗಂಟೆಗೆ ಬಂದ. ಬಂದವನೇ ತಲಾ ಐದು ಸಾವಿರದಂತೆ ಮಡಚಿದ ನೋಟಿನ ಎರಡು ಕಟ್ಟು ತೆಗೆದು, ಒಂದು ಲಕ್ಕಮ್ಮನಿಗೆ ಕೊಟ್ಟು ಇನ್ನೊಂದು ಅಕ್ಕನ ಮುಂದೆ ಇಟ್ಟ. ಅಕ್ಕ ಮುಟ್ಟಲಿಲ್ಲ.

"ಟಿಕೆಟ್ ಎಲ್ಲಿ ಜವರಣ್ಣ?" ಎಂದೆ.

"ಅಂಗ್ಡೀಲಿ ಸಾ."

"ಯಾರ ಹತ್ತಿರ?"

"ಅಂಗ್ಡಿಯೋರ್ ತಾವೇ. ದಾರಕ್ಕೆ ನೇತಾಕಿರ್ತಾರಲ್ಲ."

ಅವನು ಇದನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೇತುಹಾಕಿದ ಟಿಕೆಟ್ಟನ್ನು ಆರಿಸುವವನ ಹಾಗೆ ತೆಗೆದು, ಫೋಟೋ ಹಿಡಿದು, ಮತ್ತೆ ಅಲ್ಲೇ ಸಿಕ್ಕಿಸಿ ಬರುತ್ತಿದ್ದ. ಒಂದು ಫೋಟೋ, ಹಲವು ಜನಕ್ಕೆ. ಚನ್ನರಾಯಪಟ್ಟಣದಲ್ಲೂ ಅದೇ ನಂಬರನ್ನು ಹಿಡಿದುಕೊಂಡು ಕೂತವರಿದ್ದರೆಂದು ಆಮೇಲೆ ಗೊತ್ತಾಯಿತು. ಸಣ್ಣದು ಬಿದ್ದರೆ ಕೈಯಿಂದ ಕೊಡುವುದು, ಮಿಕ್ಕದ್ದು ಅವನದು. ಇಲ್ಲದ ಟಿಕೆಟ್ಟಿಗೆ ಟೀ ಕಾಸು ಚೌಕಾಸಿ ಮಾಡಿದ ಜಾಣ ನಾನು.

ಒಂದಾದರೂ ಕೊಂಡಿದ್ದೀಯಾ ಎಂದು ಕೇಳಿದೆ.

"ಮೊದ್ಲೆಲ್ಡು ವರ್ಸ ಎಲ್ಲಾನೂ ಕೊಂಡೆ ಸಾ, ನಿಮ್ಮಾಣೆ. ಡ್ರಾ ಆದ್ಮೇಲೆ ಬರೋ ದಾರೀಲಿ ಕಿಟಕೀಲಿ ಎಸೀತಿದ್ದೆ. ಒಂದಿನ ಅನ್ನುಸ್ತು, ಎಸಿಯಾಕೆ ಯಾಕ್ ಕೊಳ್ಳಾದು ಅಂತ."

ಅಕ್ಕ ಶುರು ಮಾಡಿದ್ದು ಆರು ವರ್ಷದ ಹಿಂದೆ. ಅವಳದು ಒಂದೂ ನಿಜದ್ದಲ್ಲ.

ಅಕ್ಕ ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡುತ್ತಾ ಕೇಳಿದಳು: "ನಂದು ಮೊದಲ್ನೇದು ಬಿದ್ದಿದ್ರೆ ಏನ್ಮಾಡ್ತಿದ್ದೆ ಜವರಣ್ಣ?"

"ಬೀಳಾಕಿಲ್ಲ ಅಕ್ಕಾರೇ. ನಿಮ್ಗೂ ಗೊತ್ತಿತ್ತಲ್ವಾ."

"ನಂಗೆ ಗೊತ್ತಿರ್ನಿಲ್ಲ ಕಣಪ್ಪ" ಎಂದಳು ಅಕ್ಕ.

ಜವರಣ್ಣ ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಮಡಚಿಕೊಂಡು ನಿಂತಿದ್ದ. ನಾನು ಬಯ್ಯಲಿಲ್ಲ. ಬಯ್ಯಲು ಬಾಯಿಗೆ ಬಂದದ್ದೆಲ್ಲ ನನಗೇ ಸಲ್ಲುವಂಥದ್ದು. ಅಕ್ಕ ನಂಬಿದ್ದು ಅವನ ಮಾತನ್ನಲ್ಲ, ನನ್ನ ಮಾತನ್ನು. ನಾಳೆಯಿಂದ ಲೋಡಿಗೆ ಬರಬೇಡ ಎಂದಷ್ಟೇ ಹೇಳಿದೆ. ಹೋಗಿ ಕ್ಯಾಂಟರ್ ಹತ್ತಿದ. ಹದಿನೈದು ವರ್ಷದಲ್ಲಿ ಮೊದಲ ಸಲ ಚಪ್ಪಲಿ ಕಳಚಲು ಮರೆತಿದ್ದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಲಕ್ಕಮ್ಮ ಈಗಲೂ ಅವನ ಪರ. "ಕೊಟ್ನಲ್ಲ ಅಣ್ಣೋ, ಇನ್ನೇನು? ಕೇರಳದೋರು ಕೊಟ್ರೂ ಅಷ್ಟೇ, ಇವ್ನು ಕೊಟ್ರೂ ಅಷ್ಟೇ" ಅನ್ನುತ್ತಾಳೆ. ಹೊಸ ಡ್ರೈವರು ಹಾಡು ಹಾಕಿಕೊಂಡು ಓಡಿಸುತ್ತಾನೆ, ಲೋಡಿಗೆ ಹತ್ತಿಪ್ಪತ್ತು ಕಾಯಿ ಒಡೆದಿರುತ್ತವೆ. ಒಂದು ಕುಂಬಳಕಾಯಿ ಕದಿಯದವನು ಅಕ್ಕನ ಆರು ವರ್ಷವನ್ನು ಹೇಗೆ ತೆಗೆದುಕೊಂಡ ಎಂದು ಒಡೆದ ಕಾಯಿ ಎಣಿಸುವಾಗಲೆಲ್ಲ ಯೋಚಿಸುತ್ತೇನೆ. ಕುಂಬಳಕಾಯಿಗೆ ತೂಕವಿತ್ತು, ಕಾಣುತ್ತಿತ್ತು. ಅಕ್ಕನ ಮಳಿಗೆ ಅವನ ಕಣ್ಣಿಗೆ ಕಾಣಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ.

ಓದುವವರಿಗೆ ನನ್ನದೊಂದು ಮಾತು. ಲಾಟರಿ ಆಡಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಆಡುವುದಾದರೆ ನೀವೇ ಹೋಗಿ ಕೊಳ್ಳಿ. ಕೊಂಡ ಕೂಡಲೇ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿ. ಸಹಿ ಇಲ್ಲದ ಟಿಕೆಟ್ಟು ಯಾರ ಕೈಯಲ್ಲಿದೆಯೋ ಅವರದು. ಕೈಗೇ ಬಾರದ ಟಿಕೆಟ್ಟು ಯಾರದೂ ಅಲ್ಲ.

ಮುಂದಿನ ಬಂಪರಿಗೆ ಲೋಡಿನ ಜೊತೆ ನಾನೇ ಬತ್ತೇರಿಗೆ ಹೋದೆ. ದಾರಕ್ಕೆ ನೇತುಹಾಕಿದ್ದ ಸಾಲಿನಿಂದ ಒಂದನ್ನು ಆರಿಸಿ, ದುಡ್ಡು ಕೊಟ್ಟು, ಹಿಂದೆ ಅಕ್ಕನ ಹೆಸರು ಬರೆದೆ. ಅವಳಿಗೆ ಕಳಿಸೋಣ ಎಂದು ಎಡಗೈಯಲ್ಲಿ ಹಿಡಿದು ಫೋಟೋ ತೆಗೆದೆ. ನೋಡಿದರೆ ಎಡಮೂಲೆಯಲ್ಲಿ ನನ್ನ ಹೆಬ್ಬೆರಳು. ಕಳಿಸಲಾಗಲಿಲ್ಲ. ಅಳಿಸಿ, ಟಿಕೆಟ್ಟನ್ನೇ ಜೇಬಿನಲ್ಲಿಟ್ಟುಕೊಂಡು ಅರಕಲಗೂಡಿಗೆ ಹೋಗಿ ಅವಳ ಕೈಗೆ ಕೊಟ್ಟೆ.

ಅಕ್ಕ ಹೊಲಿಗೆ ನಿಲ್ಲಿಸಿ ಕನ್ನಡಕ ಏರಿಸಿಕೊಂಡಳು. ಹಿಂದೆ ಬರೆದಿದ್ದ ತನ್ನ ಹೆಸರು ಓದಿದಳು. ಮತ್ತೆ ಮುಂದಕ್ಕೆ ತಿರುಗಿಸಿ ಎಡಮೂಲೆಯ ಮೇಲೆ ಬೆರಳಾಡಿಸಿದಳು, ಏನೋ ಒರೆಸುವ ಹಾಗೆ. ದೇವರ ಮುಂದೆ ಇಡಲಿಲ್ಲ. ಗುಂಡಿ, ಕೊಕ್ಕೆ ಹಾಕುವ ಡಬ್ಬಿಯೊಳಗೆ ಇಟ್ಟು ಮುಚ್ಚಳ ಮುಚ್ಚಿದಳು.

"ಇದು ಬೀಳ್ತದೇನೋ?" ಎಂದಳು.

ಆರು ವರ್ಷದಲ್ಲಿ ಒಮ್ಮೆಯೂ, ಒಂದು ಜೆರಾಕ್ಸಿನ ಬಗ್ಗೆಯೂ, ಅವಳು ಆ ಪ್ರಶ್ನೆ ಕೇಳಿರಲಿಲ್ಲ.